ಒಂದನ್ನೇ ಒತ್ತಿರಿ

ಹಿಂಡಲಗಾದಿಂದ ಮಾತಾಡುತ್ತಿದ್ದೇನೆ ಅಂದ ಕೂಡಲೇ ಫೋನಿನ ಆಚೆ ಕಡೆಯವರು ತುಸು ಗಪ್ಪಾಗುತ್ತಾರೆ. ವೆಂಗುರ್ಲಾ ರಸ್ತೆ ಇದೆ, ಗಣಪತಿ ಗುಡಿ ಇದೆ, ಮಳೆಗಾಲದಲ್ಲಿ ಕೊಡೆ ಉಲ್ಟಾ ಮಾಡುವ ಗಾಳಿ ಇದೆ. ಆದರೂ ರಾಜ್ಯದ ಉಳಿದ ಭಾಗಕ್ಕೆ ನಮ್ಮೂರೆಂದರೆ ಜೈಲು. ಬೆಂಗಳೂರಿನ ಗಿರಾಕಿಯೊಬ್ಬರು ಬಹಳ ಕಾಳಜಿಯಿಂದ, "ಒಳಗೂ ಇಂಟರ್ನೆಟ್ ಕೊಡ್ತಾರಾ ಸಾರ್?" ಎಂದು ಕೇಳಿದ್ದರು. ನಾನು ಹೊರಗೇ ಇದ್ದೇನೆ, ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುತ್ತೇನೆ ಎಂದು ನಂಬಿಸಲು ಹೊತ್ತು ಹಿಡಿಯಿತು.

ಮಾಡಿಕೊಡುತ್ತೇನೆ ಅನ್ನುವುದೂ ದೊಡ್ಡ ಮಾತೇ. ಡ್ರೂಪಲ್ ಎಂಬ ತಂತ್ರಾಂಶ 2001ರಿಂದ ಇದೆ; ಮುಕ್ಕಾಲು ಕೆಲಸ ಅದೇ ಮುಗಿಸಿಡುತ್ತದೆ. ನನ್ನ ಪಾಲಿಗೆ ಉಳಿಯುವುದು ಅರ್ಜಿ ನಮೂನೆಗಳು. ಅದರಲ್ಲೂ ರೇಡಿಯೋ ಬಟನ್, ಅಂದರೆ ಒತ್ತಿದರೆ ಹೊಟ್ಟೆಯೊಳಗೆ ಚುಕ್ಕಿ ಮೂಡುವ ದುಂಡು ಗುಂಡಿ. ನಾಲ್ಕು ಗುಂಡಿಗೂ ಕೋಡಿನಲ್ಲಿ ಒಂದೇ ಹೆಸರು ಕೊಟ್ಟರೆ ಅವು ಒಂದು ಗುಂಪು: ಒಂದು ಹೊತ್ತಿಕೊಂಡರೆ ಉಳಿದವು ತಾವೇ ಆರುತ್ತವೆ. ಆ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸಾಕು, ಹಿಸೆಯಾದ ಅಣ್ಣತಮ್ಮಂದಿರ ಹಾಗೆ ಎಲ್ಲವೂ ತಮ್ಮ ಪಾಡಿಗೆ ತಾವು ಉರಿಯುತ್ತವೆ. ಗುಂಡಿಯ ಪಕ್ಕದ ಅಕ್ಷರವನ್ನು ಅದಕ್ಕೆ ಗಂಟು ಹಾಕುವುದೂ ನನ್ನದೇ ಕೆಲಸ. ಇಲ್ಲದಿದ್ದರೆ ಹೊಲದಿಂದ ಬಂದ ದಪ್ಪ ಹೆಬ್ಬೆರಳು ಆ ಪುಟ್ಟ ವೃತ್ತಕ್ಕೆ ಗುರಿಯಿಡಬೇಕಾಗುತ್ತದೆ.

ಒಂದು ಶಾಲೆಯವರು ಪ್ರವೇಶದ ಅರ್ಜಿಯನ್ನು ಆನ್‌ಲೈನ್ ಮಾಡಿಸಿದರು. ಹುಡುಗನೋ ಹುಡುಗಿಯೋ, ಶಾಲೆಯ ಬಸ್ಸು ಬೇಕೋ ಬೇಡವೋ, ಇವೆಲ್ಲ ಸಲೀಸಾಗಿ ಹೋದವು. ಆಮೇಲೆ ಬಂತು ಮಾತೃಭಾಷೆ. ಡ್ರೂಪಲ್‌ನಲ್ಲಿ ಆಗ ಆಯ್ಕೆಗಳನ್ನು ಸಾಲಿಗೊಂದರಂತೆ, ನಡುವೆ ಒಂದು ನಿಂತ ಗೀಟು ಎಳೆದು ಬರೆಯಬೇಕಿತ್ತು: ಗೀಟಿನ ಎಡಕ್ಕೆ ಯಂತ್ರ ನೆನಪಿಡುವ ಸಂಕೇತ, ಬಲಕ್ಕೆ ಮನುಷ್ಯರು ಓದುವ ಹೆಸರು. ಬರೆಯುವುದು ಸುಲಭ. ಯಾವುದನ್ನು ಮೊದಲು ಬರೆಯುವುದು? ಬೇರೆ ಊರಿನಲ್ಲಾದರೆ ಇದು ಪ್ರಶ್ನೆಯೇ ಅಲ್ಲ. ನಮ್ಮ ಹಿಂಡಲಗಾದಲ್ಲಿ 1986ರ ಭಾಷಾ ಚಳವಳಿಯಲ್ಲಿ ಸತ್ತವರ ಸ್ಮಾರಕ ನಿಂತಿದೆ. ಇಲ್ಲಿ ಅಂಗಡಿಯ ಬೋರ್ಡಿನ ಮೇಲುಸಾಲು ಕೆಳಸಾಲಿಗೂ ಜನ ಬೀದಿಗಿಳಿದಿದ್ದಾರೆ. ನಾನು ಅಕಾರಾದಿಯ ಮೊರೆ ಹೋದೆ: ಉರ್ದು, ಕನ್ನಡ, ಕೊಂಕಣಿ, ಮರಾಠಿ. ಉರ್ದು ಮೊದಲಾಯಿತು. ಯಾರೂ ಚಕಾರ ಎತ್ತಲಿಲ್ಲ. ನಾವು ಮೊದಲಾಗದಿದ್ದರೂ ಚಿಂತೆಯಿಲ್ಲ, ಅವರಂತೂ ಆಗಲಿಲ್ಲವಲ್ಲ ಎಂಬ ಸಮಾಧಾನ ಕನ್ನಡ, ಮರಾಠಿ ಎರಡೂ ಕಡೆ ಇದ್ದಂತಿತ್ತು. ಯಾವ ಗುಂಡಿಯನ್ನೂ ಮೊದಲೇ ಹೊತ್ತಿಸಿಡಬಾರದು ಅನ್ನುವಷ್ಟು ಬುದ್ಧಿ ಬೆಳಗಾವಿಯ ಅನ್ನ ಉಂಡ ಯಾರಿಗಾದರೂ ಇರುತ್ತದೆ.

ನಮೂನೆ ಶುರುವಾದ ವಾರದಲ್ಲೇ ಖಾನಾಪುರದಿಂದ ಒಬ್ಬ ತಾಯಿಯ ಫೋನು ಬಂತು. ಶಾಲೆಯವರು ನನ್ನ ನಂಬರು ಕೊಟ್ಟು ಕೈತೊಳೆದುಕೊಂಡಿದ್ದರು.

"ಅಣ್ಣಾರ, ಕನ್ನಡ ಒತ್ತಿದ್ರ ಮರಾಠಿ ಹಾರತೈತಿ, ಮರಾಠಿ ಒತ್ತಿದ್ರ ಕನ್ನಡ ಹಾರತೈತಿ. ನಮ್ಮ ಫೋನ್ ಕೆಟ್ಟೈತೇನ್ರಿ?"

"ಇಲ್ಲಕ್ಕಾರ, ಅದು ಇರೋದ ಹಂಗ. ಒಂದ ಒತ್ತಬೇಕು."

"ಒಂದ ಅಂದ್ರ? ನಾ ನಂದಗಡದಾಕಿ, ನಮ್ಮ ತವರಾಗ ಮರಾಠಿ. ಮನಿಯವ್ರು ಬೈಲಹೊಂಗಲ ಕಡೆಯವ್ರು. ಹುಡುಗಗ ಎರಡೂ ಬರ್ತಾವ."

"ಹಂಗಲ್ಲ, ನೀವು ಹುಡುಗನ ಕೂಡ ಯಾವದರಾಗ ಮಾತಾಡ್ತೀರಿ?"

"ಮುದ್ದು ಮಾಡಾಗ ಮರಾಠಿ," ಅಂದಳು. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಬೈಯಾಗ ಕನ್ನಡ."

ಹೆಚ್ಚು ಹೊತ್ತು ಬೈಯುತ್ತೀರೋ ಮುದ್ದಿಸುತ್ತೀರೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಜನಗಣತಿಯವರು ಈ ಗಂಟನ್ನು ಬಿಡಿಸಿದ್ದಾರೆ: ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ್ದೇ ಮಾತೃಭಾಷೆ. ಅದನ್ನು ಒಂದೇ ಬರೆಯಬೇಕು, ಬರುವ ಬೇರೆ ಭಾಷೆಗಳಿಗೆ ಇನ್ನೆರಡು ಜಾಗ. ಆ ಎರಡು ಜಾಗ ಬಿಟ್ಟವರು ಯಾರೋ ಪುಣ್ಯಾತ್ಮರು, ಗಡಿನಾಡಿನ ಕಡೆ ಹೆಣ್ಣು ಕೊಟ್ಟವರಿರಬೇಕು.

ಬೇಂದ್ರೆಯವರು ಯಾವುದನ್ನು ಒತ್ತುತ್ತಿದ್ದರು ಎಂದು ಆವತ್ತು ಬಹಳ ಹೊತ್ತು ಯೋಚಿಸಿದೆ. ಮನೆಮಾತು ಮರಾಠಿ, ಜ್ಞಾನಪೀಠ ತಂದದ್ದು ಕನ್ನಡಕ್ಕೆ, ಬರೆದದ್ದು ಎರಡರಲ್ಲೂ. 'ನರಬಲಿ' ಕವಿತೆಗಾಗಿ ಬ್ರಿಟಿಷರು ಅವರನ್ನು ಇಟ್ಟದ್ದು ಇದೇ ಹಿಂಡಲಗಾ ಜೈಲಿನಲ್ಲಿ. ಜೈಲಿನ ದಫ್ತರದಲ್ಲೂ ಭಾಷೆಯ ಕಾಲಂ ಇತ್ತೋ ಏನೋ. ಇದ್ದಿದ್ದರೆ ಆ ಗುಮಾಸ್ತನಿಗೆ ಒಂದು ಮಧ್ಯಾಹ್ನವಿಡೀ ಉಪನ್ಯಾಸ ಖಾತ್ರಿ.

ಈ ಗುಂಡಿಗೆ ಹೆಸರು ಬಂದದ್ದು ಹಳೆಯ ಕಾರುಗಳ ರೇಡಿಯೋದಿಂದ. ಅದರಲ್ಲಿ ಒಂದು ಸ್ಟೇಷನ್ನಿನ ಗುಂಡಿ ಒಳಗೆ ಹೋದರೆ ಮೊದಲು ಒತ್ತಿದ್ದು ಟಕ್ಕೆಂದು ಹೊರಗೆ ಜಿಗಿಯುತ್ತಿತ್ತು. ನಮ್ಮಲ್ಲಿ ಕಾರು ಎಲ್ಲಿಂದ ಬರಬೇಕು? ಇದ್ದದ್ದು ವಾಲ್ವಿನ ರೇಡಿಯೋ. ಒತ್ತಿ ಐದು ಮಾತಾಡುವಷ್ಟು ಹೊತ್ತು ಕಾದ ಮೇಲೆ ಅದರ ಕಣ್ಣು ಹಸಿರಾಗುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಬಿಳಿ ಕೀಲಿಗಳ ಸಾಲು. ಮೀಡಿಯಂ ವೇವ್ ಒತ್ತಿದರೆ 1950ರಲ್ಲಿ ಶುರುವಾದ ಧಾರವಾಡ ಕೇಂದ್ರ, ಅಪ್ಪನ ಪಾಲು. ಶಾರ್ಟ್ ವೇವ್ ಒತ್ತಿದರೆ ರೇಡಿಯೋ ಸಿಲೋನಿನ ಸಿನಿಮಾ ಹಾಡು, ಕಾಕೂನ ಪಾಲು. ಅವ್ವನಿಗೆ ಸಾಂಗ್ಲಿಯ ನಾಟ್ಯಗೀತೆ ಬೇಕು, ಅದೂ ಮೀಡಿಯಂ ವೇವೇ, ಹಾಗಾಗಿ ಅಪ್ಪ ಸಂತೆಗೆ ಹೋದಾಗ ಮುಳ್ಳು ಮೆಲ್ಲಗೆ ಸರಿಯುತ್ತಿತ್ತು. ಒಂದು ಮನೆ, ಒಂದು ರೇಡಿಯೋ, ಕೀಲಿಯೂ ಒಂದು ಹೊತ್ತಿಗೆ ಒಂದೇ. ಆದರೂ ಯಾರಿಗೂ ತಮ್ಮದು ತಪ್ಪಿತು ಅನ್ನಿಸಲಿಲ್ಲ. ಬುಧವಾರ ರಾತ್ರಿ ಎಂಟಕ್ಕೆ ಬಿನಾಕಾ ಗೀತಮಾಲಾ ಬರುವಾಗ ಅಪ್ಪ ತಾನಾಗಿ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದ. ಅಲ್ಲಿಂದ ಹಾಡಿಗೆ ತಾಳ ಹಾಕುತ್ತಿದ್ದ ಅನ್ನುವುದು ಕಾಕೂನ ಆರೋಪ.

ಆ ಕೀಲಿಗಳಿಗೆ ನಾವು ಹುಡುಗರು ಕಂಡುಹಿಡಿದ ಎರಡು ಯುಕ್ತಿಗಳಿದ್ದವು. ಒಂದನ್ನು ಅರ್ಧ ಮಾತ್ರ ಒತ್ತಿ ಬಿಟ್ಟರೆ ಎಲ್ಲವೂ ಮೇಲೆ ಬಂದು ನಿಲ್ಲುತ್ತಿದ್ದವು, ಯಾವುದೂ ಇಲ್ಲ. ಎರಡನ್ನು ಒಟ್ಟಿಗೆ, ಒಂದೇ ಜೋರಿನಲ್ಲಿ ಒತ್ತಿದರೆ ಎರಡೂ ಒಳಗೇ ಸಿಕ್ಕಿಕೊಳ್ಳುತ್ತಿದ್ದವು. ಆಗ ರೇಡಿಯೋ ಕೊಂಯ್ ಎನ್ನುತ್ತಿತ್ತು, ಬೆನ್ನಿಗೆ ಅಪ್ಪನ ಕೈ ಬೀಳುತ್ತಿತ್ತು. ತೆರೆಯ ಮೇಲಿನ ಗುಂಡಿಗೆ ಈ ಎರಡೂ ದಯೆ ಇಲ್ಲ. ಒಮ್ಮೆ ಒಂದನ್ನು ಒತ್ತಿದಿರೋ, ಬೇರೊಂದನ್ನು ಒತ್ತಬಹುದು ಅಷ್ಟೇ. ಏನನ್ನೂ ಒತ್ತದವರಾಗಿ ಮತ್ತೆ ಎದ್ದುಹೋಗುವ ಹಾಗಿಲ್ಲ. ಚುನಾವಣೆಯ ಯಂತ್ರದಲ್ಲೂ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿ ಬರಲು 2013ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು.

ಚುನಾವಣೆ ಅಂದೆನಲ್ಲ, ಒಂದನ್ನೇ ಆರಿಸಿ ಎಂದದ್ದಕ್ಕೆ ನಮ್ಮ ಜಿಲ್ಲೆ ಕೊಟ್ಟ ಉತ್ತರ ಇಡೀ ದೇಶಕ್ಕೆ ಗೊತ್ತಿದೆ. 1996ರ ಲೋಕಸಭಾ ಚುನಾವಣೆಯಲ್ಲಿ ಗಡಿ ತಂಟೆಯತ್ತ ದಿಲ್ಲಿಯ ಕಣ್ಣು ಹೊರಳಿಸಲು ಮರಾಠಿ ಭಾಷಿಕರು ಸಾಲುಗಟ್ಟಿ ನಾಮಪತ್ರ ಹಾಕಿದರು. ಬೆಳಗಾವಿ ಕ್ಷೇತ್ರದ ಕಣದಲ್ಲಿ 456 ಮಂದಿ ಉಳಿದರು. ಅದೇ ಚುನಾವಣೆಯಲ್ಲಿ ನಲ್ಗೊಂಡ ಕ್ಷೇತ್ರದಲ್ಲಿ ಇನ್ನೂ ಹೆಚ್ಚು, 480. ಅದೇ ವರ್ಷ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಆಯ್ಕೆ ಆರೇಳನ್ನು ದಾಟಿದರೆ ರೇಡಿಯೋ ಬಟನ್ ಬಿಟ್ಟು ಇಳಿಪಟ್ಟಿ ಕೊಡಿ ಎಂದು ನಮ್ಮ ಕಸುಬಿನವರು ಹೇಳುತ್ತಾರೆ. 456ಕ್ಕೆ ಏನು ಕೊಡಬೇಕೆಂದು ಯಾರೂ ಹೇಳಿಲ್ಲ.

ಖಾನಾಪುರದ ಅಕ್ಕನಿಗೆ ಏನಾದರೂ ಮಾಡಬೇಕಿತ್ತು. ಡ್ರೂಪಲ್‌ನಲ್ಲಿ ಒಂದು ಚೋದ್ಯವಿದೆ. ಎಷ್ಟು ಉತ್ತರಕ್ಕೆ ಅವಕಾಶ ಎಂಬಲ್ಲಿ 1 ಎಂದಿದ್ದರೆ ಗುಂಡಿಗಳು ದುಂಡಗಿರುತ್ತವೆ. ಅದನ್ನು 2 ಮಾಡಿ, ಅವೇ ಗುಂಡಿಗಳು ಚೌಕವಾಗಿ ಬಿಡುತ್ತವೆ, ಎರಡನ್ನು ಗುರುತು ಹಾಕಬಹುದು. ಆದರೆ ಜನ ಎರಡು ಗುರುತು ಹಾಕಿದ ಮೇಲೆ ಮತ್ತೆ 1ಕ್ಕೆ ಇಳಿಸುತ್ತೇನೆಂದರೆ ಅದು ಒಪ್ಪುವುದಿಲ್ಲ. ತಂತ್ರಾಂಶವೊಂದಕ್ಕೆ ಇಷ್ಟು ವಿವೇಕ ಇರುವುದು ನೋಡಿ ನನಗೆ ಅದರ ಮೇಲೆ ಗೌರವ ಬಂದಿದೆ. ಹೆಡ್‌ಮಾಸ್ತರರಿಗೆ ಬರಲಿಲ್ಲ. "ಮ್ಯಾಲ ಕಳಿಸೋ ತಖ್ತೆದಾಗ ಭಾಷಾಕ್ಕ ಒಂದ ಖಾನೆ ಐತ್ರಿ," ಅಂದರು. ಕಡ್ಡಾಯವನ್ನಾದರೂ ತೆಗೆಯೋಣ ಎಂದು ತೆಗೆದರೆ, ಡ್ರೂಪಲ್ ಪಟ್ಟಿಯ ಮೊದಲಿಗೆ 'ಅನ್ವಯಿಸುವುದಿಲ್ಲ' ಎಂಬ ಗುಂಡಿಯನ್ನು ತಾನಾಗಿ ತಂದು ಕೂರಿಸಿತು. ಮಾತೃಭಾಷೆ: ಅನ್ವಯಿಸುವುದಿಲ್ಲ! ಹೆಡ್‌ಮಾಸ್ತರರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

ಕೊನೆಗೆ ನಮೂನೆಯನ್ನು ಡ್ರೂಪಲ್‌ಗೆ ಜೋಡಿಸುವ ವೆಬ್‌ಫಾರ್ಮ್ ಎಂಬ ಮಾಡ್ಯೂಲಿಗೆ ಎತ್ತಿ ಹಾಕಿದೆ. ಅದರಲ್ಲಿ ಐದನೆಯದಾಗಿ 'ಇತರೆ' ಎಂಬ ದುಂಡು ಗುಂಡಿ ಸಿಗುತ್ತದೆ. ಒತ್ತಿದರೆ ಪಕ್ಕದಲ್ಲಿ ಬರೆಯುವ ಜಾಗ ತೆರೆದುಕೊಳ್ಳುತ್ತದೆ. ಮೇಲಿನವರ ತಖ್ತೆಗೆ ಒಂದೇ ಉತ್ತರ ಹೋಗುತ್ತದೆ, ಜನಕ್ಕೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡಂತಾಗುತ್ತದೆ. ಸಂಜೆ ಚಹಾ ಹಿಡಿದು ಅವನ್ನು ಓದುವುದು ಈಗ ನನ್ನ ಚಟ. "ಎರಡೂ" ಎಂದಷ್ಟೇ ಬರೆದವರಿದ್ದಾರೆ. "ಅಜ್ಜಿ ಇರೋತನಕ ಕೊಂಕಣಿ, ಈಗ ಮರಾಠಿ" ಎಂದು ಒಬ್ಬರು. "ಅಪ್ಪನ ಕೂಡ ಕನ್ನಡ, ಅವ್ವನ ಕೂಡ ಮರಾಠಿ, ಎಮ್ಮಿ ಕೂಡ ಎರಡೂ" ಎಂದು ಇನ್ನೊಬ್ಬರು. ಬರೆದ ಧಾಟಿ ನೋಡಿದರೆ ಅರ್ಜಿ ತುಂಬಿದವನು ಹುಡುಗನೇ ಇರಬೇಕು. ಆ ಜಾಗಕ್ಕೆ ಮೊದಲು 50 ಅಕ್ಷರದ ಮಿತಿ ಇಟ್ಟಿದ್ದೆ. ಈಗ 200 ಮಾಡಿದ್ದೇನೆ. ಖಾನಾಪುರದ ಕಡೆಯ ಅರ್ಜಿಗಳಿಗೆ ಅದೂ ಸಾಲುತ್ತಿಲ್ಲ.