ಯಂತ್ರದ ಗಂಟಲಲ್ಲಿ ಅಪ್ಪನ ದನಿ

ಮೆಚ್ಚಿನ ಗಾಯಕ ಕೈಕೊಟ್ಟಾಗ ಆಗುವ ಬೇಸರವೇ ಬೇರೆ. ಅಪರಿಚಿತನ ಕೆಟ್ಟ ಹಾಡನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ; ಒಂದು ನಿಮಿಷ ಕೇಳಿ ಸುಮ್ಮನಾಗುತ್ತಾರೆ. ಆದರೆ ನೂರು ಸಲ ಕೇಳಿ ಬಾಯಿಪಾಠವಾದ ಹಾಡುಗಳನ್ನು ಕೊಟ್ಟವನು ಒಂದು ದಿನ ತಲೆಬುಡ ಅರ್ಥವಾಗದ್ದೇನನ್ನೋ ಹಾಡಿಬಿಟ್ಟರೆ, ಮನೆಯವರೇ ಮೋಸ ಮಾಡಿದಂತಾಗುತ್ತದೆ. ರಾಕ್ ಸಂಗೀತದ ಅಭಿಮಾನಿಗಳಿಗೆ ಈ ಬೇಸರ ಹೊಸದಲ್ಲ. ಅದನ್ನು ಮತ್ತೆ ಮತ್ತೆ ಉಣಬಡಿಸಿದವರ ಪಟ್ಟಿ ಮಾಡಿದರೆ ನೀಲ್ ಯಂಗ್‌ಗೆ ಮೊದಲ ಸಾಲಿನಲ್ಲೇ ಜಾಗ.

1945ರಲ್ಲಿ ಕೆನಡಾದ ಟೊರೊಂಟೊದಲ್ಲಿ ಹುಟ್ಟಿದ ಯಂಗ್‌ಗೆ ಐದನೇ ವಯಸ್ಸಿನಲ್ಲೇ ಪೋಲಿಯೊ ತಗಲಿತು. ಅದರಿಂದ ಪಾರಾಗಿ ಬೆಳೆದ ಹುಡುಗ ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು, ಗಿಟಾರ್ ನಂಬಿಕೊಂಡು ಹೊರಟು, ಕೊನೆಗೆ ಅಮೆರಿಕ ಸೇರಿದ. ಆತನ ಹಾಡುಗಳನ್ನು ಇನ್ನೂ ಕೇಳದವರು 1970ರ ‘ಆಫ್ಟರ್ ದಿ ಗೋಲ್ಡ್ ರಷ್’ ಆಲ್ಬಂನಿಂದ ಆರಂಭಿಸುವುದು ಒಳ್ಳೆಯದು. ತೆಳ್ಳಗಿನ, ಎತ್ತರದ, ಇನ್ನೇನು ಒಡೆದೀತು ಎನ್ನಿಸುವ ದನಿ. ಹಿಂದೆ ಸರಳವಾದ ಪಿಯಾನೊ. ಅಲಂಕಾರವೆಂಬುದೇ ಇಲ್ಲ. ಆತನ ಆಲ್ಬಂಗಳಲ್ಲಿ ಇಷ್ಟು ಬೇಗ ಕೇಳುಗರನ್ನು ಹತ್ತಿರ ಕರೆದುಕೊಳ್ಳುವುದು ಇನ್ನೊಂದಿಲ್ಲ.

1972ರಲ್ಲಿ ಬಂದ ‘ಹಾರ್ವೆಸ್ಟ್’ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ. ಅದರ ‘ಹಾರ್ಟ್ ಆಫ್ ಗೋಲ್ಡ್’ ಅಲ್ಲಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ಆಲ್ಬಂನ ‘ಓಲ್ಡ್ ಮ್ಯಾನ್’ ಕೇಳಿದವರಿಗೆ ಅಪ್ಪನ ಮೇಲೆ ಮಗ ಕಟ್ಟಿದ ಹಾಡು ಎನಿಸಬಹುದು. ನಿಜಕ್ಕೂ ಅದು ಯಂಗ್ ಕೊಂಡ ಜಮೀನನ್ನು ನೋಡಿಕೊಳ್ಳುತ್ತಿದ್ದ ಮುದುಕನೊಬ್ಬನನ್ನು ಕುರಿತದ್ದು. ಹಣ ಬಂದ ಎಳೆಯ ಮಾಲೀಕ, ಆ ಮುದುಕನಲ್ಲಿ ತನ್ನನ್ನೇ ಕಾಣುವ ಹಾಡು. ಇಷ್ಟಾದರೂ ‘ಹಾರ್ವೆಸ್ಟ್’ ಹೆಸರಿನಷ್ಟು ದೊಡ್ಡದಲ್ಲ. ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ಕೂರಿಸಿ ಮಾಡಿದ ಎರಡು ಹಾಡುಗಳಂತೂ ಬಡಕಲು ಹುಡುಗನಿಗೆ ಜರಿ ಪೇಟ ಸುತ್ತಿದ ಹಾಗಿವೆ!

ಇಂಥ ಯಶಸ್ಸು ಬಂದ ಮೇಲೆ ಏನು ಮಾಡಬೇಕು? ಅದನ್ನೇ ಇನ್ನೊಂದು ಸಲ ಮಾಡಬೇಕು ಎಂದು ಲೋಕ ಹೇಳುತ್ತದೆ. ಹತ್ತನೇ ತರಗತಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಈ ಮಾತಿನ ಭಾರ ಚೆನ್ನಾಗಿ ಗೊತ್ತು. ಯಂಗ್ ಅದನ್ನು ಕೇಳಲಿಲ್ಲ. 1972ರ ನವೆಂಬರ್‌ನಲ್ಲಿ ಆತನ ಜೊತೆಗಾರ, ಗಿಟಾರ್ ವಾದಕ ಡ್ಯಾನಿ ವಿಟನ್ ಮಾದಕ ವಸ್ತುಗಳಿಗೆ ಬಲಿಯಾದ. ಮರುವರ್ಷ ತಂಡದ ವಾದ್ಯಗಳನ್ನು ಹೊತ್ತು ಸಾಗಿಸುತ್ತಿದ್ದ ಗೆಳೆಯನೊಬ್ಬನೂ ಅದೇ ದಾರಿ ಹಿಡಿದ. ಆ ದುಃಖದಲ್ಲಿ 1973ರಲ್ಲಿ ಮುದ್ರಿಸಿದ ಹಾಡುಗಳು ‘ಟುನೈಟ್ಸ್ ದಿ ನೈಟ್’ ಎಂಬ ಹೆಸರಿನಲ್ಲಿ ಹೊರಬಂದದ್ದು 1975ರಲ್ಲಿ. ದನಿ ಅಲ್ಲಲ್ಲಿ ಒಡೆಯುತ್ತದೆ, ಶ್ರುತಿ ತಪ್ಪುತ್ತದೆ. ‘ಹಾರ್ವೆಸ್ಟ್’ನ ಸಿಹಿ ಹುಡುಕಿ ಬಂದವರು ನಿರಾಶರಾದರೆ ಆಶ್ಚರ್ಯವಿಲ್ಲ.

ಆದರೆ ಸಾವಿನ ಮನೆಯಲ್ಲಿ ಶ್ರುತಿ ಸರಿಯಿದೆಯೇ ಎಂದು ಯಾರು ನೋಡುತ್ತಾರೆ? ಇಂದು ಆ ಆಲ್ಬಂ ಯಂಗ್‌ನ ಅತ್ಯುತ್ತಮ ಕೃತಿಗಳ ಸಾಲಿನಲ್ಲಿದೆ. ‘ಹಾರ್ವೆಸ್ಟ್’ಗಿಂತ ಒಂದು ತೂಕ ಹೆಚ್ಚೇ ಎಂದರೂ ತಪ್ಪಲ್ಲ. ರಾಕ್ ಸಂಗೀತವೆಂದರೆ ಮಾದಕ ವಸ್ತುವಿನ ಜಾಹೀರಾತು ಎಂದು ಹೆದರುವ ತಂದೆ ತಾಯಂದಿರೂ ಒಮ್ಮೆ ಇದನ್ನು ಕೇಳಬೇಕು. ಆ ಚಟ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಯಾವ ಭಾಷಣವೂ ಇಷ್ಟು ಚೆನ್ನಾಗಿ ಹೇಳಲಾರದು.

ಇದಕ್ಕಿಂತ ದೊಡ್ಡ ನಿರಾಸೆ ಕಾದಿತ್ತು. 1982ರ ಕೊನೆಗೆ ‘ಟ್ರಾನ್ಸ್’ ಎಂಬ ಆಲ್ಬಂ ಬಂತು. ಹಾಕಿದರೆ, ಆ ತೆಳ್ಳಗಿನ ದನಿಯೇ ಕಾಣೆ! ಬಹುಪಾಲು ಹಾಡುಗಳಲ್ಲಿ ಯಂಗ್ ವೋಕೋಡರ್ ಎಂಬ ಯಂತ್ರದ ಮೂಲಕ ಹಾಡಿದ್ದ. ಮನುಷ್ಯನ ದನಿಯನ್ನು ಬಿಡಿಸಿ, ಸಿಂಥಸೈಜರಿನ ಸ್ವರಗಳಿಗೆ ಹೊಂದಿಸಿ ಹೊರಗೆ ಬಿಡುವ ಸಾಧನ ಅದು. ರೋಬೋಟ್ ಮಾತನಾಡಿದಂತೆ ಕೇಳುತ್ತದೆ. ಪದಗಳು ಅರ್ಧಕ್ಕರ್ಧ ತಿಳಿಯುವುದಿಲ್ಲ. ಗಿಟಾರ್ ಹಿಡಿದು ಜಾನಪದದ ಧಾಟಿಯಲ್ಲಿ ಹಾಡುತ್ತಿದ್ದವನಿಗೆ ಏನಾಯಿತೆಂದು ಅಭಿಮಾನಿಗಳು ತಲೆ ಕೆರೆದುಕೊಂಡರು.

ಮುಂದಿನ ವರ್ಷ, 1983ರಲ್ಲಿ, ‘ಎವ್ರಿಬಡೀಸ್ ರಾಕಿನ್’ ಬಂತು. ಐವತ್ತರ ದಶಕದ ಧಾಟಿಯ ಹಾಡುಗಳು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಧ್ವನಿಮುದ್ರಣ ಸಂಸ್ಥೆ ಗೆಫನ್‌ನ ತಾಳ್ಮೆ ಮುಗಿಯಿತು. ‘ಈತ ತನ್ನಂತೆ ಹಾಡುತ್ತಿಲ್ಲ’ ಎಂಬ ಅರ್ಥದ ದೂರು ಹಿಡಿದು ಅದು ನ್ಯಾಯಾಲಯದ ಮೆಟ್ಟಿಲೇರಿತು. ಕೇಳಿದ ಪರಿಹಾರ 33 ಲಕ್ಷ ಡಾಲರ್. ಗಾಯಕ ತನ್ನಂತೆ ತಾನು ಇಲ್ಲವೆಂದು ಮೊಕದ್ದಮೆ! ಯಂಗ್ ಪ್ರತಿದಾವೆ ಹೂಡಿದ. ಕೊನೆಗೆ ಪ್ರಕರಣ ರಾಜಿಯಲ್ಲಿ ಮುಗಿದು, ಸಂಸ್ಥೆಯ ಒಡೆಯ ಡೇವಿಡ್ ಗೆಫನ್ ಕ್ಷಮೆ ಕೇಳಿದ್ದೂ ಆಯಿತು.

ಇಷ್ಟೆಲ್ಲ ಗದ್ದಲದಲ್ಲಿ ಯಂಗ್ ಬಾಯಿ ಬಿಡದ ಸಂಗತಿಯೊಂದಿತ್ತು. 1978ರಲ್ಲಿ ಯಂಗ್ ಮತ್ತು ಪೆಗಿ ದಂಪತಿಗೆ ಹುಟ್ಟಿದ ಮಗನಿಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಸ್ವಾಧೀನದಲ್ಲಿಲ್ಲ, ಮಾತು ಬರುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಅಪ್ಪ ಅಮ್ಮ ಇಬ್ಬರೂ ದಿನದ ಬಹುಪಾಲನ್ನು ಮಗುವಿನ ಕಠಿಣ ಚಿಕಿತ್ಸೆಗೇ ಮೀಸಲಿಟ್ಟಿದ್ದರು. ಮಗನ ಮನಸ್ಸಿನಲ್ಲಿ ಏನಿದೆಯೆಂದು ಅಪ್ಪನಿಗೆ ತಿಳಿಯದು. ಅಪ್ಪನ ಮಾತು ಮಗನಿಗೆ ಎಷ್ಟು ಮುಟ್ಟಿತೆಂಬುದೂ ತಿಳಿಯದು. ‘ಟ್ರಾನ್ಸ್’ನಲ್ಲಿ ಪದಗಳು ಅರ್ಥವಾಗದೆ ಉಳಿದದ್ದು ಅದಕ್ಕೇ ಎಂದು ಯಂಗ್ ವರ್ಷಗಳ ನಂತರ ವಿವರಿಸಿದ. ಮಾತು ಇದೆ, ಅದು ಹೊರಗೆ ಬರುತ್ತಿಲ್ಲ. ಮನೆಯೊಳಗಿನ ಆ ಸ್ಥಿತಿಯನ್ನೇ ಆತ ಯಂತ್ರದ ಗಂಟಲಲ್ಲಿ ಹಾಡಿದ್ದ.

ಆ ಆಲ್ಬಂನಲ್ಲಿ ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ ಎಂಬ ಹಾಡಿದೆ. ಅದು ಮಗನಿಗಾಗಿಯೇ ಬರೆದದ್ದು. ಆಟಿಕೆ ರೈಲಿಗೆ ವಿದ್ಯುತ್ ಹರಿಸುವ ಪೆಟ್ಟಿಗೆಗೂ ಟ್ರಾನ್ಸ್‌ಫಾರ್ಮರ್ ಎಂದೇ ಹೆಸರು. ಯಂಗ್‌ಗೆ ಆಟಿಕೆ ರೈಲಿನ ಹುಚ್ಚು. ಮಗನೂ ಒಂದು ದೊಡ್ಡ ಗುಂಡಿ ಒತ್ತಿ ರೈಲು ಓಡಿಸುವಂತೆ ಮಾಡಲು ಆತ ಪಟ್ಟ ಪಾಡು ಅಷ್ಟಿಷ್ಟಲ್ಲ. 1993ರಲ್ಲಿ ಎಂಟಿವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮಕ್ಕಾಗಿ ಯಂತ್ರವನ್ನೆಲ್ಲ ಬದಿಗಿಟ್ಟು ತನ್ನ ಸಹಜ ದನಿಯಲ್ಲಿ ಆತ ಇದನ್ನೇ ಹಾಡಿದಾಗ, ಒಳಗಿದ್ದದ್ದು ಹೊರಗೆ ಬಂತು. ತೊಟ್ಟಿಲ ಪಕ್ಕ ಹಾಡುವಂಥ ಮೆದು ರಾಗ! ಅದು ಹತ್ತು ವರ್ಷ ಅಲ್ಲೇ ಇತ್ತು.

ಹಾಗೆಂದು ‘ಟ್ರಾನ್ಸ್’ ಇದ್ದಕ್ಕಿದ್ದಂತೆ ಶ್ರೇಷ್ಠ ಕೃತಿಯಾಗಿಬಿಡುವುದಿಲ್ಲ. ಬೇರೆ ಆಲ್ಬಂಗೆಂದು ಮಾಡಿದ್ದ ಮೂರು ಸಾಧಾರಣ ಹಾಡುಗಳನ್ನು ಇದರಲ್ಲಿ ಸೇರಿಸಿದ್ದರಿಂದ ಇಡೀ ಆಲ್ಬಂ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂಬಂತಾಗಿದೆ. ಅಪ್ಪನ ದುಃಖ ದೊಡ್ಡದು, ನಿಜ. ಆದರೆ ದುಃಖವೊಂದೇ ಹಾಡನ್ನು ಗೆಲ್ಲಿಸಲಾರದು. ಇನ್ನು ‘ಎವ್ರಿಬಡೀಸ್ ರಾಕಿನ್’ ಅಂದೂ ನಿರಾಸೆ, ಇಂದೂ ನಿರಾಸೆ. 1986ರ ‘ಲ್ಯಾಂಡಿಂಗ್ ಆನ್ ವಾಟರ್’ ಕೂಡ ಯಂತ್ರದ ಗದ್ದಲದಲ್ಲಿ ಹಾಡುಗಳು ಮುಳುಗಿಹೋದ ಆಲ್ಬಂ. ಅದರ ಹಿಂದೆ ಯಾವ ಗುಟ್ಟನ್ನೂ ಹುಡುಕಬೇಕಾಗಿಲ್ಲ. ಎಲ್ಲ ಸೋಲಿನ ಒಳಗೂ ನಿಧಿ ಇರುತ್ತದೆ ಎನ್ನುವುದು ಸುಳ್ಳು. ಇಲ್ಲವೇ ಇಲ್ಲ ಎಂದು ಮೊದಲ ಸಲ ಕೇಳಿದಾಗಲೇ ತೀರ್ಪು ಕೊಡುವುದು ಅವಸರ.

ಅದೇ 1986ರಲ್ಲಿ ಮಾತು ಬಾರದ, ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ಪೆಗಿ ಕ್ಯಾಲಿಫೋರ್ನಿಯಾದಲ್ಲಿ ಇತರರ ಜೊತೆಗೂಡಿ ‘ಬ್ರಿಡ್ಜ್ ಸ್ಕೂಲ್’ ಕಟ್ಟಿದರು. ಅದಕ್ಕೆ ಹಣ ಕೂಡಿಸಲು ಯಂಗ್ ದಂಪತಿ ಆರಂಭಿಸಿದ ಸಂಗೀತ ಕಚೇರಿಗಳು 2016ರವರೆಗೆ ನಡೆದವು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಬಾಬ್ ಡಿಲನ್ ಮುಂತಾದ ಘಟಾನುಘಟಿಗಳು ಬಂದು ಹಾಡಿದರು. ಶಾಲೆಯ ಮಕ್ಕಳು ಗಾಲಿ ಕುರ್ಚಿಗಳಲ್ಲಿ ಕೂತು ಕೇಳುತ್ತಿದ್ದದ್ದು ವೇದಿಕೆಯ ಮೇಲೆಯೇ.

ಮನೆಯಲ್ಲಿ ಮಕ್ಕಳು ಹಾಕುವ ಹಾಡು ಅಪ್ಪನಿಗೆ ಗಲಾಟೆ, ಅಪ್ಪನ ಹಾಡು ಮಕ್ಕಳಿಗೆ ಹಳಸಲು. ಈ ಜಗಳ ಬೇಗ ಮುಗಿಯುವಂಥದ್ದಲ್ಲ, ಮುಗಿಯಬೇಕಾಗಿಯೂ ಇಲ್ಲ. ಪರೀಕ್ಷೆ ಮುಗಿದ ಒಂದು ಸಂಜೆ ಇಬ್ಬರೂ ಕೂತು ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ ಕೇಳಲಿ. ಮೊದಲು 1982ರದ್ದು, ಆಮೇಲೆ 1993ರದ್ದು. ಎರಡರಲ್ಲಿ ಯಾವುದು ಚೆಂದ ಎಂಬ ಬಗ್ಗೆ ಒಮ್ಮತ ಮೂಡದಿದ್ದರೂ ಚಿಂತೆಯಿಲ್ಲ. ಎರಡನೆಯದನ್ನು ಕೇಳಿದ ಮೇಲೆ ಮೊದಲನೆಯದನ್ನು ಇನ್ನೊಮ್ಮೆ ಹಾಕಿದರೆ ಸಾಕು.