ಡೆಲಿವರಿ ಬ್ಯಾಗು ಮತ್ತು ಹಿಂದಿನ ಲಿಫ್ಟು



ಇದನ್ನ ಬರೀಬೇಕೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದೆ. ವೇದಿಕೆ ಮೇಲೆ ಗಂಟಲು ಹರ್ಕೊಂಡು ಮಾತಾಡೋ ಮನುಷ್ಯ ಒಂದು ಟೀ ಅಂಗಡಿ ಮುಂದೆ ಬಾಯಿ ಮುಚ್ಕೊಂಡು ನಿಂತ ಕಥೆ ಇದು. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ನಾನು ಹೊರಗುತ್ತಿಗೆ ಗುಮಾಸ್ತ. ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಟಪಾಲು ಪುಸ್ತಕ. ಏಜೆನ್ಸಿ ಮಾತ್ರ ಬದಲಾಗ್ತಾ ಇರುತ್ತೆ. ಹಿಂದೆ ಒಂದು ಸಲ ಹಳೇ ಏಜೆನ್ಸಿಯ ಟೆಂಡರ್ ಮುಗೀತು, ಹೊಸದು ಬಂತು. ನಡುವೆ ನಮ್ಮ ನಾಲ್ಕು ತಿಂಗಳ ಸಂಬಳ ಹಳಬರ ಕೈಲೂ ಇಲ್ಲ, ಹೊಸಬರ ಕೈಲೂ ಇಲ್ಲ ಅನ್ನೋ ಹಾಗಾಯ್ತು. "ಹೊಸ ಆದೇಶ ಆಗೋವರೆಗೆ ಮನೇಲಿರಿ, ಫೋನ್ ಮಾಡ್ತೀವಿ" ಅಂದ್ರು. ಜೂನ್ ತಿಂಗಳು. ಮಗಳನ್ನ ಪಿಯುಸಿಗೆ ಸೇರಿಸ್ಬೇಕು. ಹೆಂಡತಿಯ ಗಾರ್ಮೆಂಟ್ಸ್ ಸಂಬಳ ಬಾಡಿಗೆಗೆ, ರೇಷನ್ನಿಗೆ ಸರಿಹೋಗೋದು.

ಸಂಘಟನೆಯ ಹುಡುಗನೊಬ್ಬ ಹೇಳಿದ: "ಅಣ್ಣ, ಬೈಕಿದೆ, ಡಿಎಲ್ ಇದೆ, ಫೋನಿದೆ. ಇನ್ನೇನು ಬೇಕು? ಪಾರ್ಸೆಲ್ ಡೆಲಿವರಿಗೆ ಹೋಗು."

ಆಧಾರ್, ಪ್ಯಾನ್, ಡಿಎಲ್, ಪಾಸ್‌ಬುಕ್ಕಿನ ಫೋಟೋ ಕಳಿಸಿದೆ. ಎರಡೇ ದಿನಕ್ಕೆ ಕೆಲಸ ಸಿಕ್ತು. ಜಾತಿ ಪ್ರಮಾಣಪತ್ರ ಕೇಳಲಿಲ್ಲ. ಬಿಎ ಆಗಿದೆಯಾ ಅಂತಲೂ ಕೇಳಲಿಲ್ಲ.

ಮೈಸೂರಿನ ಹೂಟಗಳ್ಳಿ ಕಡೆ ಒಂದು ತಗಡಿನ ಶೆಡ್ಡು. ಅದಕ್ಕೆ ಹಬ್ ಅಂತ ಹೆಸರು. ಬೆಳಗ್ಗೆ ಆರೂಮುಕ್ಕಾಲಿಗೆ ಹೋದ್ರೆ ಲಾರಿಯಿಂದ ಚೀಲಗಳನ್ನ ಇಳಿಸಿ ನೆಲಕ್ಕೆ ಸುರೀತಾ ಇದ್ರು. ಪಿನ್‌ಕೋಡ್ ನೋಡಿ, ರೂಟ್ ನೋಡಿ ಬೇರೆ ಬೇರೆ ಗುಡ್ಡೆ ಮಾಡ್ತಾರೆ. ನಮ್ಮ ಗುಡ್ಡೆಯ ಒಂದೊಂದು ಪ್ಯಾಕೆಟ್ಟನ್ನೂ ನಾವೇ ಸ್ಕ್ಯಾನ್ ಮಾಡ್ಕೋಬೇಕು. ಬೀಪ್ ಅಂದ ಕ್ಷಣದಿಂದ ಅದು ನಮ್ಮ ತಲೆ ಮೇಲೆ. ಕಳೆದ್ರೆ, ನೆನೆದ್ರೆ, ದುಡ್ಡು ಕಡಿಮೆ ಬಂದ್ರೆ ನಾವೇ ಕಟ್ಟಬೇಕು. ಮೊದಲ ದಿನ ನನಗೆ 58 ಪ್ಯಾಕೆಟ್. ಅದರಲ್ಲಿ 20 ಕ್ಯಾಶ್ ಆನ್ ಡೆಲಿವರಿ.

ಅಲ್ಲಿದ್ದೋರೆಲ್ಲ ಇಪ್ಪತ್ತು, ಇಪ್ಪತ್ತೈದರ ಹುಡುಗರು. ನನ್ನ ನರೆತ ಗಡ್ಡ ನೋಡಿ "ಅಂಕಲ್" ಅಂದ್ರು. ಒಬ್ಬ ಮಾತ್ರ "ಅಣ್ಣ" ಅಂದ. ಮಂಡ್ಯ ಜಿಲ್ಲೆಯ ಹುಡುಗ, 23 ವರ್ಷ, ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು. ಊರಲ್ಲಿ ಎರಡೆಕರೆ ಜಮೀನು, ಬತ್ತಿದ ಬೋರ್‌ವೆಲ್, ಅದಕ್ಕೆ ಮಾಡಿದ ಸಾಲ. ನಾನು ಪ್ಯಾಕೆಟ್ಟುಗಳನ್ನ ಸಿಕ್ಕಸಿಕ್ಕ ಹಾಗೆ ಬ್ಯಾಗಿಗೆ ತುರುಕ್ತಾ ಇದ್ದದ್ದು ನೋಡಿ ಅವನೇ ಬಂದ.

"ಹಂಗಲ್ಲ ಅಣ್ಣ. ಕೊನೇ ಮನೇದು ಮೊದಲು ತುಂಬಿ. ಮೊದಲ್ನೇ ಮನೇದು ಮೇಲಿರಲಿ."

ಮಾರ್ಕರ್ ಕೊಟ್ಟ. ಪ್ಯಾಕೆಟ್ ಮೇಲೆ ಮನೆ ನಂಬರು, ಕ್ರಾಸು ದೊಡ್ಡದಾಗಿ ಬರ್ಕೊಳ್ಳೋದು ಕಲಿಸಿದ. ಚಿಲ್ಲರೆ ಮನೆಯಿಂದಲೇ ತರಬೇಕು, ಫೋನ್ ಮಾಡದೆ ಮೂರನೇ ಮಹಡಿ ಹತ್ತಬಾರದು, ಮಳೆಗಾಲದಲ್ಲಿ ಬ್ಯಾಗಿನ ಒಳಗೆ ಗೊಬ್ಬರದ ಚೀಲ ಹಾಸ್ಕೋಬೇಕು. ಹೀಗೆ ಹತ್ತು ನಿಮಿಷದಲ್ಲಿ ಅವನು ಹೇಳಿದ್ದು ಕಂಪನಿಯ ಟ್ರೈನಿಂಗ್ ವಿಡಿಯೋದಲ್ಲಿ ಇರಲಿಲ್ಲ. ಅವನಿಗೆ ನಾನು ಇವತ್ತಿಗೂ ಋಣಿ. ಮುಂದಿನದನ್ನ ಓದುವಾಗ ಇದನ್ನ ಮರೀಬೇಡಿ.

ಮೊದಲ ದಿನದ ಲೆಕ್ಕ ಹೇಳ್ತೀನಿ. 58ರಲ್ಲಿ ತಲುಪಿಸಿದ್ದು 31. ಉಳಿದವರು ಮನೇಲಿಲ್ಲ, ಫೋನ್ ಎತ್ತಲಿಲ್ಲ, "ನಾಳೆ ಬನ್ನಿ" ಅಂದ್ರು. ವಾಪಸ್ ತಂದದ್ದಕ್ಕೆ ಕಾಸಿಲ್ಲ. ಒಂದಕ್ಕೆ 14 ರೂಪಾಯಿಯಂತೆ 434. ಪೆಟ್ರೋಲ್ 210. ಟೀ, ಊಟ 55. ರಾತ್ರಿ ನಗದು ಒಪ್ಪಿಸುವಾಗ 120 ರೂಪಾಯಿ ಕಡಿಮೆ ಬಂತು. ಯಾವ ಮನೇಲಿ ಚಿಲ್ಲರೆ ಹೆಚ್ಚು ಕೊಟ್ಟೆನೋ ಗೊತ್ತಿಲ್ಲ. ಕೈಯಿಂದ ಕಟ್ಟಿದೆ. ಹದಿಮೂರು ಗಂಟೆ ಅಲೆದು ಉಳಿಸಿದ್ದು 49 ರೂಪಾಯಿ. ಹೆಂಡತಿ ಏನೂ ಕೇಳಲಿಲ್ಲ. ಬಿಸಿನೀರು ಕಾಯಿಸಿಟ್ಟಿದ್ಲು.

ಆದರೂ ಒಂದು ನಿಜ ಹೇಳ್ಬೇಕು. ಎರಡನೇ ದಿನ ಬೈಕ್ ಓಡಿಸುವಾಗ ನನಗೆ ಖುಷಿ ಆಗ್ತಾ ಇತ್ತು.

ಆಫೀಸಿನಲ್ಲಿ ನನ್ನ ಜಾತಿ ಗೊತ್ತಿಲ್ಲದ ಗೋಡೆ ಇಲ್ಲ. ಏಪ್ರಿಲ್ 14ಕ್ಕೆ ರಜೆ ಬಂದ್ರೆ "ನಿಮ್ಮ ಹಬ್ಬ" ಅಂತಾರೆ. ಯಾರಿಗೋ ಬಡ್ತಿ ತಪ್ಪಿದ್ರೆ ನನ್ನ ಮುಖ ನೋಡ್ತಾರೆ, ನಾನೇ ಕಿತ್ಕೊಂಡ ಹಾಗೆ. ಹೊರಗುತ್ತಿಗೆಯವನಿಗೆ ಎಲ್ಲಿಯ ಬಡ್ತಿ! ಇಲ್ಲಿ ಹೆಲ್ಮೆಟ್ಟು, ಬೆನ್ನಿಗೆ ಬ್ಯಾಗು, ಅಷ್ಟೇ. ಯಾರಿಗೂ ನಾನು ಯಾರು ಅಂತ ಬೇಕಿಲ್ಲ. ನಾಲ್ಕಂಕಿಯ ಒಟಿಪಿ ಹೇಳಿದ್ರೆ ಸಂಬಂಧ ಮುಗೀತು. ನಲವತ್ತು ದಾಟಿದ ಮೇಲೆ ಮೊದಲ ಸಲ ಜಾತಿ ಇಲ್ಲದ ಮನುಷ್ಯನಾಗಿ ಊರು ಸುತ್ತಿದ ಹಾಗಿತ್ತು. ಚಳವಳಿಯಲ್ಲಿ ಇಪ್ಪತ್ತು ವರ್ಷ ಇದ್ದವನಿಗೂ ಒಳಗೊಳಗೆ ಇಂಥ ಆಸೆ ಇರುತ್ತೆ. ನನಗಂತೂ ಇತ್ತು.

ಅವತ್ತೇ ಅಶೋಕಪುರಂ ರೂಟಿನ ಹುಡುಗ ಬಂದಿರಲಿಲ್ಲ, ಅವನ 15 ಪ್ಯಾಕೆಟ್ಟು ನನಗೆ ಹಾಕಿದ್ರು. ಮ್ಯಾಪು ಒಂದು ಕಡೆ ತೋರಿಸುತ್ತೆ, ಮನೆ ಇನ್ನೊಂದು ಕಡೆ. ಆದ್ರೆ ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜಿ ಯಾವ ಮ್ಯಾಪಿಗೂ ಕಡಿಮೆ ಇರಲಿಲ್ಲ. "ಆ ಹುಡುಗಿನಾ? ಕೆಎಎಸ್ ಓದ್ತಾ ಅವ್ಳೆ. ಲೈಬ್ರರಿಗೋಗವ್ಳೆ. ಕೊಡಿಲ್ಲಿ" ಅಂತ ಸೆರಗಿನ ಗಂಟು ಬಿಚ್ಚಿ 349 ರೂಪಾಯಿ ಎಣಿಸಿ ಕೊಟ್ರು. ಪಕ್ಕದ ಮನೆಯವರ ಪುಸ್ತಕಕ್ಕೆ! ಆ 15ರಲ್ಲಿ ಒಂದೂ ವಾಪಸ್ ಬರಲಿಲ್ಲ.

ಸಂಜೆ ಇನ್ನೊಂದು ಹಳೇ ಬಡಾವಣೆಯ ಮನೆ. ವಯಸ್ಸಾದ ಹೆಂಗಸು. "ಅಲ್ಲೇ ಮೆಟ್ಟಿಲ ಮೇಲಿಡಪ್ಪಾ" ಅಂದ್ರು. ಲೋಟದಲ್ಲಿ ನೀರು ತಂದು ಪ್ಯಾಕೆಟ್ ಮೇಲೆ ಬೆರಳಿಂದ ಚಿಮುಕಿಸಿ ಆಮೇಲೆ ಎತ್ಕೊಂಡ್ರು. ಕೊರೋನಾ ಕಾಲದ ಅಭ್ಯಾಸವೋ, ಅದಕ್ಕಿಂತ ಹಳೇದೋ? ನನ್ನ ಜಾತಿ ಅವರಿಗೆ ಗೊತ್ತಿರಲಿಲ್ಲ. ಡೆಲಿವರಿಗೆ ಬರೋ ಎಲ್ಲರಿಗೂ ಹೀಗೇ ಮಾಡ್ತಾರೇನೋ ಅಂತ ಸಮಾಧಾನ ಮಾಡ್ಕೊಂಡೆ. ಆದ್ರೆ ನಾನು ವಾಪಸ್ ಕೊಟ್ಟ ಚಿಲ್ಲರೆಗೆ ನೀರು ಚಿಮುಕಿಸಲಿಲ್ಲ. ಅದನ್ನ ನೇರ ಸೊಂಟಕ್ಕೆ ಸಿಕ್ಕಿಸ್ಕೊಂಡ್ರು.

ಈಗ ಮೂರನೇ ದಿನ.

ಬೋಗಾದಿ ರಸ್ತೆ ಕಡೆಯ ಒಂದು ದೊಡ್ಡ ಅಪಾರ್ಟ್‌ಮೆಂಟ್. ಆ ಹುಡುಗನಿಗೂ ಅಲ್ಲಿ ಪ್ಯಾಕೆಟ್ ಇತ್ತು, ಜೊತೇಲೇ ಹೋದ್ವಿ. ಮುಂದಿನ ಎರಡು ಲಿಫ್ಟು ಖಾಲಿ ನಿಂತಿದ್ವು. ಸೆಕ್ಯೂರಿಟಿಯವರು ತಡೆದ್ರು. "ಡೆಲಿವರಿಯವರಿಗೆ ಹಿಂದ್ಗಡೆ ಲಿಫ್ಟು." ಹಿಂದೆ ಹೋದ್ರೆ ಕಸದ ಡ್ರಮ್ಮು ಹಿಡ್ಕೊಂಡು ಪೌರಕಾರ್ಮಿಕ ಹೆಂಗಸೊಬ್ಬರು ಲಿಫ್ಟಿಗೆ ಕಾಯ್ತಾ ಇದ್ರು. ನಾವೂ ಕಾದ್ವಿ. ನನಗೆ ಅದೇನೂ ಹೊಸದಾಗಿ ಕಾಣಲಿಲ್ಲ. ಹಿಂದಿನ ಬಾಗಿಲು ನಮ್ಮ ತಾತನ ಕಾಲದಿಂದ ಪರಿಚಯ. ಆ ಹುಡುಗನ ಮುಖ ಮಾತ್ರ ಕೆಂಡ ಆಗಿತ್ತು.

ಕೆಳಗೆ ಬಂದು ಎದುರಿನ ಟೀ ಅಂಗಡೀಲಿ ನಿಂತ್ವಿ. ಗ್ಲಾಸು ಕೈಗೆ ಬಂದ ತಕ್ಷಣ ಅವನು ಅಂದ:

"ನಾವೇನು ಹೊಲೇರಾ ಅಣ್ಣ, ಹಿಂದ್ಗಡೆಯಿಂದ ಬರೋಕೆ?"

ಟೀ ಬಾಯಲ್ಲಿತ್ತು. ನುಂಗಿದೆ.

'ನಾವು' ಅಂದಿದ್ದ. ನನ್ನನ್ನೂ ಸೇರಿಸ್ಕೊಂಡೇ ಅಂದಿದ್ದ. ಅವನ ಪ್ರಕಾರ ನಾನು ಅವನ ಕಡೆಯವನು. ಅವಮಾನ ಅಂದ್ರೇನು ಅಂತ ತೋರಿಸೋಕೆ ಅವನಿಗೆ ಸಿಕ್ಕ ಅಳತೆಗೋಲು ನನ್ನ ಜಾತಿ. ನಾನು ಏನು ಮಾಡಿದೆ ಗೊತ್ತಾ? "ಹೂಂ, ಏನ್ ಮಾಡೋದಪ್ಪ" ಅಂದೆ. ಟೀ ಕಾಸು ನಾನೇ ಕೊಟ್ಟೆ. ಬ್ಯಾಗು ಏರಿಸ್ಕೊಂಡು ಹೊರಟೆ.

ಟೌನ್‌ಹಾಲ್ ಮುಂದೆ ಬಾಬಾಸಾಹೇಬರ ಪ್ರತಿಮೆ ಹತ್ತಿರ ನಿಂತು ಎಷ್ಟು ಸಲ ಮೈಕ್ ಹಿಡಿದಿದ್ದೀನಿ! ಅಲ್ಲಿ ಬಂದ ಧೈರ್ಯ ಟೀ ಅಂಗಡೀಲಿ ಬರಲಿಲ್ಲ. ಯಾಕೆ ಅಂದ್ರೆ ಜಾತಿ ಇಲ್ಲದ ಎರಡು ದಿನದ ರುಚಿ ಹತ್ತಿತ್ತು. ಅದನ್ನ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ. ಎರಡು ವಿಷಯ ತಲೇಲಿ ಸುತ್ತುತಾ ಇತ್ತು.

ಒಂದು, ನಮ್ಮ ತಾತ. ತಿ. ನರಸೀಪುರ ತಾಲ್ಲೂಕಿನ ನಮ್ಮೂರಲ್ಲಿ ದೊಡ್ಡ ಮನೆಗಳಲ್ಲಿ ಸಾವಾದ್ರೆ ನೆಂಟರೂರಿಗೆ ಸುದ್ದಿ ಮುಟ್ಟಿಸೋದು ಅವನ ಚಾಕರಿ. ರಾತ್ರಿ ಅನ್ನಂಗಿಲ್ಲ, ಮಳೆ ಅನ್ನಂಗಿಲ್ಲ, ನಡೀಬೇಕು. ಆ ಮನೆ ಅಂಗಳದ ಆಚೆ ನಿಂತು ಕೂಗಿ ಹೇಳಿ, ಒಂದು ಸೇರು ರಾಗಿ ಸೆರಗಿಗೆ ಹಾಕಿಸ್ಕೊಂಡು ವಾಪಸ್. ಡೆಲಿವರಿ ಕೆಲಸ ನಮ್ಮ ಮನೆಗೆ ಹೊಸದಲ್ಲ. ತಾತನಿಗೆ ಬೈಕು ಇರಲಿಲ್ಲ, ಹೆಲ್ಮೆಟ್ಟೂ ಇರಲಿಲ್ಲ.

ಎರಡನೇದು, ಬಾಬಾಸಾಹೇಬರು 'ವೇಯ್ಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರೋ ಚಾಳೀಸ್‌ಗಾಂವ್ ಘಟನೆ. 1929. ಅಸ್ಪೃಶ್ಯರ ದೂರುಗಳನ್ನ ವಿಚಾರಿಸೋ ಸರ್ಕಾರಿ ಸಮಿತಿಯ ಸದಸ್ಯರಾಗಿ ಅವರು ಆ ಕಡೆ ಹೋಗಿದ್ರು. ಆಗಲೇ ಬ್ಯಾರಿಸ್ಟರ್. ಸ್ಟೇಷನ್ನಿಂದ ಮಹಾರವಾಡಕ್ಕೆ ಕರ್ಕೊಂಡು ಹೋಗೋಕೆ ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಕೊನೆಗೆ ಟಾಂಗಾ ಕೊಡ್ತೀವಿ, ಓಡಿಸೋಕೆ ಬರಲ್ಲ ಅಂತ ರಾಜಿ ಆಯ್ತು. ಟಾಂಗಾ ಹೊಡೆದು ಅಭ್ಯಾಸ ಇಲ್ಲದ ಕೇರಿಯವರೊಬ್ಬರು ಓಡಿಸಿದ್ರು. ಸೇತುವೆ ಹತ್ತಿರ ಚಕ್ರ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆದ ಹಾಗೆ ಬಿದ್ರು, ಕಾಲಿನ ಮೂಳೆ ಮುರೀತು. ಇದನ್ನ ಎಷ್ಟೋ ಸಲ ಭಾಷಣದಲ್ಲಿ ಹೇಳಿದ್ದೀನಿ. ಟಾಂಗಾದವನ ಬಗ್ಗೆ ಮಾತ್ರ ಯೋಚಿಸಿರಲಿಲ್ಲ. ಅವನೇನು ಸಾಹುಕಾರನಾ? ದಿನದ ಕೂಲಿಗೆ ಕುದುರೆ ಹೊಡೆಯೋನು. ಆದ್ರೂ ಬ್ಯಾರಿಸ್ಟರ್‌ಗಿಂತ ತಾನು ಮೇಲು ಅಂತ ಅವನಿಗೆ ಖಾತ್ರಿ ಇತ್ತು. ಬಡತನ ಅವನ ಆ ಒಂದು ಆಸ್ತಿಯನ್ನ ಮುಟ್ಟಿರಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಹಬ್‌ನಲ್ಲಿ ಅವನ ಪಕ್ಕ ಕೂತೆ. ಇಬ್ರೂ ಪ್ಯಾಕೆಟ್ ಮೇಲೆ ನಂಬರ್ ಬರೀತಾ ಇದ್ವಿ.

"ನಿನ್ನೆ ಟೀ ಅಂಗಡೀಲಿ ಒಂದು ಮಾತಂದ್ಯಲ್ಲ, ನಾನು ಅದೇ ಜಾತಿ ಕಣಪ್ಪ."

ಮಾರ್ಕರ್ ನಿಂತ್ಹೋಯ್ತು. "ಅಯ್ಯೋ ಅಣ್ಣ, ನಿಮ್ಮನ್ನ ಅಂದಿದ್ದಲ್ಲ. ಬಾಯಿಗೆ ಬಂತು. ಊರಲ್ಲಿ ಎಲ್ರೂ ಹಂಗೇ ಅಂತಾರೆ."

"ಗೊತ್ತು. ಹಿಂದ್ಗಡೆಯಿಂದ ಬಾ ಅಂದಾಗ ನಿಂಗೆ ಎಷ್ಟೊತ್ತು ಉರೀತು?"

"ರಾತ್ರಿ ಮಲಗೋವರೆಗೂ."

"ನಿಮ್ಮನೆ ಕೆಲಸಕ್ಕೆ ಕೇರಿಯಿಂದ ಬರ್ತಾರಲ್ಲ, ಅವ್ರು ಯಾವ ಕಡೆಯಿಂದ ಬರ್ತಾರೆ?"

ಅವನು ಉತ್ತರ ಕೊಡಲಿಲ್ಲ. ಬ್ಯಾಗು ಜಿಪ್ ಎಳ್ಕೊಂಡು ಎದ್ದು ಹೋದ. ಎರಡು ಮೂರು ದಿನ ದೂರದಿಂದಲೇ ತಲೆ ಆಡಿಸ್ತಿದ್ದ. ಹಬ್‌ನಲ್ಲಿ ವಿಷಯ ಹರಡಿತು ಅಂತ ಕಾಣುತ್ತೆ. ಇಬ್ರು ಹುಡುಗ್ರು ಮೆಲ್ಲಗೆ ಬಂದು "ಜೈಭೀಮ್ ಅಣ್ಣ" ಅಂದ್ರು. ಅವರೂ ನನ್ನ ಹಾಗೇ ಹೆಲ್ಮೆಟ್ ಒಳಗೆ ಬಚ್ಚಿಟ್ಕೊಂಡಿದ್ದೋರು.

ವಾರದ ಕೊನೇಲಿ ಒಂದು ಸಂಜೆ ಜೋರು ಮಳೆ. ನನ್ನ ಬೈಕು ಪಂಕ್ಚರ್. ಬ್ಯಾಗಲ್ಲಿ ಇನ್ನೂ 12 ಪ್ಯಾಕೆಟ್. ಯಾರು ಹೇಳಿದ್ರೋ, ಅವನು ಬಂದ. ಮಾತಿಲ್ಲದೆ 12ನ್ನೂ ತನ್ನ ಬ್ಯಾಗಿಗೆ ಹಾಕ್ಕೊಂಡ, ಕೊನೇ ಮನೇದು ಕೆಳಗೆ, ಮೊದಲ್ನೇದು ಮೇಲೆ. ಬೈಕ್ ಸ್ಟಾರ್ಟ್ ಮಾಡಿ, ಮುಂದೆ ನೋಡ್ಕೊಂಡೇ ಹೇಳಿದ:

"ಹಿತ್ತಲಿಂದನೇ ಅಣ್ಣ. ನಮ್ಮನೇಲಿ ಹಿತ್ತಲಿಂದನೇ ಬರ್ತಾರೆ."

ಅಷ್ಟೇ. ಹೋದ.

ನಾನು ಆ ಕೆಲಸ ಮಾಡಿದ್ದು 23 ದಿನ. ಆಮೇಲೆ ಆಫೀಸಿನ ಆದೇಶ ಬಂತು. ಬಾಕಿ ಸಂಬಳದಲ್ಲಿ ಅರ್ಧ ಬಂದಿದೆ, ಅರ್ಧಕ್ಕೆ ಇನ್ನೂ ಅರ್ಜಿ ಬರೀತಾ ಇದ್ದೀವಿ. ಮಗಳು ಕಾಲೇಜಿಗೆ ಸೇರಿದ್ಲು.

ಈಗ ಯಾಕೆ ಇದನ್ನ ಬರೆದೆ ಅಂದ್ರೆ, ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಕಾಯ್ದೆ ಬಂದಿದೆ. ಕಾರ್ಮಿಕರಿಗೆ ಕೊಡೋ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಲ್ಯಾಣ ಮಂಡಳಿ ಇರಬೇಕು. ತೆಗೀಬೇಕಾದ್ರೆ ಲಿಖಿತ ಕಾರಣ, 14 ದಿನದ ನೋಟಿಸ್ ಕೊಡಬೇಕು. ಒಳ್ಳೇದು, ನಾವೆಲ್ಲ ನಿಂತು ಇದನ್ನ ಜಾರಿ ಮಾಡಿಸಬೇಕು. ಬಾಬಾಸಾಹೇಬರು ಕಾರ್ಮಿಕ ಸದಸ್ಯರಾಗಿ ಮಂಡಿಸಿ 1946ರಲ್ಲಿ ಕಾನೂನಾದ ತಿದ್ದುಪಡಿ ಕಾರ್ಖಾನೆ ದುಡಿಮೆಯನ್ನ ವಾರಕ್ಕೆ 48 ಗಂಟೆಗೆ ಇಳಿಸ್ತು. ಆ ಹಬ್‌ನ ಹುಡುಗ್ರು ನಾಲ್ಕು ದಿನಕ್ಕೇ 48 ಗಂಟೆ ದುಡೀತಾರೆ. ಅವರಲ್ಲಿ ಎಲ್ಲ ಜಾತಿಯೋರೂ ಇದ್ದಾರೆ. 48 ಗಂಟೆ ಅವರೆಲ್ಲರ ಹಕ್ಕು.

ಆದ್ರೆ ಗೆಳೆಯರೇ, ಕಾರ್ಮಿಕರ ಸಭೆಗೆ ಹೋದಾಗ ರೇಟು, ಇನ್ಶೂರೆನ್ಸು ಮಾತ್ರ ಮಾತಾಡಿ ಎದ್ದು ಬರ್ಬೇಡಿ. ಹಿಂದಿನ ಲಿಫ್ಟಿನ ಮಾತು ತೆಗೀರಿ. ಆ ಲಿಫ್ಟಿನಲ್ಲಿ ಮೂರು ಜನ ಇದ್ವಿ. ಒಬ್ಬನಿಗೆ ಸಿಟ್ಟು ಬಂತು, ಒಬ್ಬ ಸುಮ್ನಿದ್ದ, ಮೂರನೆಯವರನ್ನ ನಾವಿಬ್ರೂ ಮಾತಾಡಿಸಲೇ ಇಲ್ಲ. ಆ ಪೌರಕಾರ್ಮಿಕ ಹೆಂಗಸಿನ ಮುಖ ಕೂಡ ನನಗೆ ಈಗ ನೆನಪಿಲ್ಲ. ಡ್ರಮ್ಮಿನ ಬಣ್ಣ ನೆನಪಿದೆ. ನೀಲಿ.

ನಾಚಿಕೆ ಆಗುತ್ತೆ. ಅದಕ್ಕೇ ಬರೆದೆ.

ಜೈಭೀಮ್.