ಫ್ರಿಜ್ಜಿನ ಬಾಗಿಲ ಮೇಲಿನ ರ‍್ಯಾಂಕು

ರ‍್ಯಾಂಕು ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಪೇಡ. ಪತ್ರಿಕೆಯಲ್ಲಿ ಅಚ್ಚಾದ ಫೋಟೊ, ಬಾಯಿಗೆ ಸಿಹಿ ತುರುಕುತ್ತಿರುವ ಅಮ್ಮ, ಪಕ್ಕದಲ್ಲಿ ಇಸ್ತ್ರಿ ಶರಟಿನ ಅಪ್ಪ. ಹಾಗಾಗಿ ಕೊಲಂಬಸ್ಸಿನಲ್ಲಿ ಮಗಳ ಮನೆಯ ಪಕ್ಕದ ಮುದುಕ, ‘ಒಳಗೆ ಬಾ, ನನ್ನ ರ‍್ಯಾಂಕಿಂಗ್ ತೋರಿಸುತ್ತೇನೆ’ ಎಂದಾಗ ಪಾಪ, ಮೊಮ್ಮಗ ಚೆನ್ನಾಗಿ ಓದಿರಬೇಕು ಅಂದುಕೊಂಡು ಕೈಯಲ್ಲೊಂದು ಕೋಡುಬಳೆ ಡಬ್ಬಿ ಹಿಡಿದು ಹೋದೆ.

ಇದು ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್. ಕಮಿನ್ಸ್ ಎಂಜಿನ್ ಕಂಪನಿಯ ಊರು. ಆ ಕಾರಣಕ್ಕೇ ನನ್ನ ಅಳಿಯ ಇಲ್ಲಿರುವುದು. ಮುದುಕನ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಳದಿ ಹಾಳೆ ಅಂಟಿಕೊಂಡಿತ್ತು. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದ ತೆಳ್ಳಗಾಗಿತ್ತು. ಅದು ರಾಜ್ಯದ ಹೈಸ್ಕೂಲು ಬ್ಯಾಸ್ಕೆಟ್‌ಬಾಲಿನಲ್ಲಿ ಆಡಿದ ಅತ್ಯುತ್ತಮ ಫಾರ್ವರ್ಡ್‌ಗಳ ಪಟ್ಟಿ. ನನಗೆ ಫಾರ್ವರ್ಡ್ ಅಂದರೆ ನಿವೃತ್ತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಗಿನ ಜಾವ ಬಂದು ಬೀಳುವ ಬಿಸಿನೀರು-ನಿಂಬೆಹಣ್ಣಿನ ಮಹಿಮೆ.

ಆಟದ ವಿಷಯದಲ್ಲಿ ನಾನು ಪೂರ್ತಿ ಹೊರಗಿನವನೇನಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಪಟ್ಟಿಯ ನಿಯಮ: ಹೈಸ್ಕೂಲಿನಲ್ಲಿ ಆಡಿದ್ದಕ್ಕೆ ಮಾತ್ರ ಲೆಕ್ಕ. ಆಮೇಲೆ ಎನ್‌ಬಿಎ ಎಂಬ ವೃತ್ತಿಪರ ಲೀಗಿಗೆ ಹೋಗಿ ಕೋಟಿ ಗಳಿಸಿದರೂ ಸೊನ್ನೆ, ಪೆಟ್ರೋಲ್ ಬಂಕಿನಲ್ಲಿ ನಿಂತರೂ ಸೊನ್ನೆ. ಹದಿನೇಳನೆಯ ವಯಸ್ಸಿಗೆ ಗೆರೆ ಎಳೆದುಬಿಡಬೇಕು.

ಈ ಸೀಮೆಯವರಿಗೆ ಇದು ಹುಡುಗಾಟವಲ್ಲ. ದನದ ಕೊಟ್ಟಿಗೆಯ ಗೋಡೆಗೂ ರಿಂಗ್ ಹೊಡೆದಿರುತ್ತಾರೆ. ನ್ಯೂ ಕ್ಯಾಸಲ್ ಎಂಬ ಸಣ್ಣ ಊರಿನ ಹೈಸ್ಕೂಲಿನ ಒಳಾಂಗಣದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. 1990ರ ರಾಜ್ಯ ಫೈನಲ್ ನೋಡಲು 41,046 ಜನ ಸೇರಿದ್ದರಂತೆ. ಹೈಸ್ಕೂಲು ಹುಡುಗರ ಆಟಕ್ಕೆ! ನಮ್ಮಲ್ಲಿ ಅಷ್ಟು ಜನ ಸೇರಬೇಕಾದರೆ ತೇರಾದರೂ ಎಳೆಯಬೇಕು, ಸಿನಿಮಾ ನಟನಾದರೂ ಬರಬೇಕು. 1954ರಲ್ಲಿ 161 ಮಕ್ಕಳಿದ್ದ ಮೈಲನ್ ಎಂಬ ಹಳ್ಳಿಶಾಲೆ ದೊಡ್ಡ ಊರಿನ ಮನ್ಸಿ ಸೆಂಟ್ರಲ್ ಶಾಲೆಯನ್ನು ಕೊನೆಯ ಕ್ಷಣದ ಒಂದು ಎಸೆತದಿಂದ 32–30ಕ್ಕೆ ಸೋಲಿಸಿದ್ದನ್ನು ಮುದುಕ ಏಳು ವರ್ಷದವನಾಗಿ ರೇಡಿಯೊದಲ್ಲಿ ಕೇಳಿದ್ದ. ಹೇಳುವಾಗ ಈಗಲೂ ಅವನ ಬಲಗೈ ಗಾಳಿಯಲ್ಲಿ ಚೆಂಡು ಎಸೆಯುತ್ತದೆ.

ಪಟ್ಟಿಯ ತಲೆಯ ಮೇಲೆ ಜಾರ್ಜ್ ಮೆಕ್‌ಗಿನಿಸ್. 1969, ಇಂಡಿಯಾನಾಪೊಲಿಸ್‌ನ ವಾಷಿಂಗ್ಟನ್ ಹೈಸ್ಕೂಲು, 31 ಪಂದ್ಯ, ಒಂದೂ ಸೋಲಿಲ್ಲ. ಆಮೇಲೆ ನೆರೆರಾಜ್ಯ ಕೆಂಟಕಿಯ ಆಯ್ದ ಹುಡುಗರ ಮೇಲೆ ಒಂದೇ ರಾತ್ರಿ 53 ಅಂಕ, 31 ರಿಬೌಂಡು. ಇವನ ಬಗ್ಗೆ ತಕರಾರಿಲ್ಲ. ಈ ಹೆಸರಿನ ಜಾಗದಲ್ಲಿ ಮಾತ್ರ ಕಾಗದ ದಪ್ಪಗಿತ್ತು.

ತಕರಾರಿದ್ದದ್ದು ಆಸ್ಕರ್ ರಾಬರ್ಟ್‌ಸನ್ ಬಗ್ಗೆ. ಅವನನ್ನು ರಿಂಗಿನ ಬಳಿ ಆಡುವ ಫಾರ್ವರ್ಡ್ ಅನ್ನಬಹುದೇ, ದೂರದಿಂದ ಆಟ ನಡೆಸುವ ಗಾರ್ಡ್ ಅನ್ನಬೇಕೇ? ಮುದುಕ ವಾರಕ್ಕೊಮ್ಮೆ ಅವನನ್ನು ಅಳಿಸುತ್ತಾನೆ, ಮನಸ್ಸು ತಡೆಯದೆ ಮತ್ತೆ ಬರೆಯುತ್ತಾನೆ. ಆಸ್ಕರ್ ಓದಿದ್ದು ಅದೇ ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಅಟಕ್ಸ್ ಶಾಲೆಯಲ್ಲಿ. ಕರಿಯರ ಮಕ್ಕಳನ್ನು ಬೇರೆ ಕೂರಿಸಲೆಂದೇ 1927ರಲ್ಲಿ ತೆರೆದ ಶಾಲೆ ಅದು. ಅದೇ ಶಾಲೆ 1955ರಲ್ಲೂ 1956ರಲ್ಲೂ ರಾಜ್ಯ ಗೆದ್ದಿತು. ಮೊದಲ ಸಲ ಗೆದ್ದಾಗ ಹುಡುಗರಿಗೆ ಊರ ನಡುವಿನ ವೃತ್ತದಲ್ಲಿ ಒಂದು ಸುತ್ತು ಹಾಕಿಸಿ, ಸಂಭ್ರಮ ಪಡುವುದಿದ್ದರೆ ನಿಮ್ಮ ಕಡೆಯ ಪಾರ್ಕಿನಲ್ಲಿ ಪಡಿ ಎಂಬಂತೆ ಅತ್ತ ಸಾಗಹಾಕಿದರು. ಇದನ್ನು ಹೇಳುವಾಗ ಮುದುಕ ನನ್ನ ಮುಖ ನೋಡಲಿಲ್ಲ. ನಾನೂ ಕೋಡುಬಳೆ ಮುರಿಯುತ್ತ ಕೂತೆ. ಬೇರೆ ಪಂಕ್ತಿಯ ವಿಚಾರ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲವಲ್ಲ.

ಲ್ಯಾರಿ ಬರ್ಡ್ ಇದ್ದದ್ದು ಐದನೆಯ ಸ್ಥಾನದಲ್ಲಿ. ನನಗೆ ಕೇಳಿ ಗೊತ್ತಿದ್ದ ಒಂದೇ ಹೆಸರು ಅದು. ಐದನೆಯದೇ ಎಂದು ಹುಬ್ಬೇರಿಸಿದೆ. ‘ನಿಯಮ’ ಎಂದ ಮುದುಕ. ಪ್ರತಿವರ್ಷ ರಾಜ್ಯದ ಒಬ್ಬ ಹುಡುಗನಿಗೆ ‘ಮಿಸ್ಟರ್ ಬ್ಯಾಸ್ಕೆಟ್‌ಬಾಲ್’ ಪಟ್ಟ ಕೊಡುತ್ತಾರೆ, 1939ರಿಂದಲೂ. ಪಟ್ಟ ಬಂದವನು ಕೆಂಟಕಿಯ ವಿರುದ್ಧ ಒಂದನೆಯ ನಂಬರಿನ ಬನಿಯನ್ ತೊಡುತ್ತಾನೆ. 1974ರಲ್ಲಿ ಅದನ್ನು ಇಬ್ಬರಿಗೆ ಹಂಚಿದರು. ಫ್ರೆಂಚ್ ಲಿಕ್ ಎಂಬ ಮೂಲೆಯೂರಿನ ಬರ್ಡ್ ಆ ಇಬ್ಬರಲ್ಲಿ ಇರಲಿಲ್ಲ. ಆ ವರ್ಷ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿದವನು ತಿಂಗಳು ತುಂಬುವುದರೊಳಗೆ ಗಾಬರಿಬಿದ್ದು ಊರಿಗೆ ಮರಳಿ, ಊರಿನವರ ಕಸದ ಗಾಡಿಯಲ್ಲಿ ಕೆಲಸಕ್ಕೆ ನಿಂತ. ಎನ್‌ಬಿಎಯ ಮೂರು ಕಿರೀಟವೆಲ್ಲ ಆಮೇಲಿನ ಕಥೆ, ಅಂದರೆ ಪಟ್ಟಿಯ ಪ್ರಕಾರ ಸೊನ್ನೆ. 1988ರಲ್ಲಿ ಶಾನ್ ಕೆಂಪ್‌ಗೂ ಪಟ್ಟ ತಪ್ಪಿತು. 2000ದಲ್ಲಿ ಜ್ಯಾಕ್ ರ‍್ಯಾಂಡಾಲ್ಫ್ ಫೈನಲ್ ಗೆದ್ದ, ಪಟ್ಟ ಮಾತ್ರ ಸೋತ ತಂಡದ ಹುಡುಗನಿಗೆ ಹೋಯಿತು. ಪಟ್ಟ ತಪ್ಪಿದವರ ಹೆಸರಿನ ಮುಂದೆ ಮುದುಕ ಒಂದೊಂದು ಚುಕ್ಕೆ ಇಟ್ಟಿದ್ದ. ಆ ಚುಕ್ಕೆಗಳ ಮೇಲೆ ಅವನಿಗೆ ಸ್ವಲ್ಪ ಪಕ್ಷಪಾತ ಇದ್ದಂತೆ ಕಂಡಿತು.

‘ನಿಮ್ಮ ರಾಜ್ಯದಲ್ಲಿ ಯಾರು ಮೊದಲು?’ ಎಂದು ಕೇಳಿದ.

ಈಗ ನನ್ನ ಕಥೆ. ಮಲೆನಾಡಿನ ಹೈಸ್ಕೂಲಿನಲ್ಲಿ ನಾನು ಫಾರ್ವರ್ಡ್. ಐದಡಿ ಮೂರಂಗುಲದ ಫಾರ್ವರ್ಡ್! ಮಣ್ಣಿನ ಅಂಗಳ, ಬಲೆಯಿಲ್ಲದ ರಿಂಗು, ಮಳೆಗಾಲದಲ್ಲಿ ಪುಟಿಯಲು ಒಪ್ಪದ ಚೆಂಡು. ತಾಲ್ಲೂಕು ಕ್ರೀಡಾಕೂಟಕ್ಕೆ ಬೂಟಿಲ್ಲದವರು ಬರಕೂಡದೆಂದು ಡ್ರಿಲ್ ಮಾಸ್ತರರು ಸಾರಿದರು. ಅಣ್ಣನ ಎರಡು ಸೈಜು ದೊಡ್ಡ ಕ್ಯಾನ್ವಾಸ್ ಬೂಟಿಗೆ ಹಳೇ ಪಂಚೆಯ ಚೂರು ತುರುಕಿಕೊಂಡು ನಾನು ಆಯ್ಕೆಯಾದೆ. ಆಯ್ಕೆಯಾದದ್ದು ಬೂಟು, ಒಳಗೆ ನಾನಿದ್ದೆ ಅಷ್ಟೆ.

ಬೂಟಿಲ್ಲದೆ ಉಳಿದವನು ನಮ್ಮ ತೋಟದ ಕೊನೆಗೌಡನ ಮಗ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಿ, ತುದಿಯಲ್ಲೇ ಜೋಲಿ ಹೊಡೆದು ಪಕ್ಕದ ಮರಕ್ಕೆ ದಾಟುವ ಹುಡುಗ. ಅವನು ಚೆಂಡಿಗೆ ಹಾರಿದರೆ ಕೆಳಗಿಳಿಯುವುದನ್ನು ಮರೆತಂತೆ ಒಂದು ಗಳಿಗೆ ಮೇಲೆಯೇ ಇರುತ್ತಿದ್ದ. ಪಂದ್ಯದ ದಿನ ಗೆರೆಯಾಚೆ ಕುಕ್ಕರಗಾಲಲ್ಲಿ ಕೂತು ನನಗೆ ಕೂಗಿ ಕೂಗಿ ಹೇಳಿಕೊಟ್ಟ. ನಾನು ಓಡಿದೆ, ಎಡಬೂಟು ಹಿಂದೆಯೇ ಉಳಿಯಿತು. ಅದನ್ನು ಎತ್ತಿ ತಂದು, ಮೊಣಕಾಲೂರಿ, ಲೇಸು ಬಿಗಿದು ಕಟ್ಟಿದವನೂ ಅವನೇ. ಬಿಚ್ಚಿ ಅವನಿಗೆ ಕೊಟ್ಟುಬಿಡೋಣ ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಸುಮಾರು ನಲವತ್ತು ವರ್ಷದ ಮೇಲೆ, ಬ್ಯಾಂಕಿನ ಆಡಿಟ್ ನಡುವೆ, ಸುಮ್ಮಸುಮ್ಮನೆ. ಆ ದೀಪಾವಳಿಯ ಹೊತ್ತಿಗೆ ಕೊಯ್ಲು ಶುರುವಾಯಿತು. ಅಪ್ಪನ ಜೊತೆ ಮರ ಹತ್ತಿದವನು ಶಾಲೆಗೆ ಇಳಿದು ಬರಲಿಲ್ಲ.

ಇಷ್ಟನ್ನೂ ನನ್ನ ಬ್ಯಾಂಕ್ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಕೋಡುಬಳೆ ಖಾಲಿಯಾಗಿತ್ತು. ಮುದುಕ ಎದ್ದು, ಪಟ್ಟಿಯ ಅಡಿಗೆ ಒಂದು ಗೆರೆ ಎಳೆದು, ಆ ಹುಡುಗನ ಹೆಸರು ಕೇಳಿದ. ಮೂರು ಸಲ ಹೇಳಿಸಿಕೊಂಡು ತಪ್ಪುತಪ್ಪಾಗಿ ಬರೆದ. ಮುಂದೆ ಒಂದು ಚುಕ್ಕೆ ಇಟ್ಟ.

‘ಎತ್ತರ?’

ಕೈ ಎತ್ತಿ ತೋರಿಸಲು ಹೋದೆ. ಎಲ್ಲಿಗೆ ನಿಲ್ಲಿಸಬೇಕೋ ತಿಳಿಯಲಿಲ್ಲ. ನೆನಪಿನಲ್ಲಿ ಅವನು ಒಂದೋ ಮರದ ಮೇಲಿದ್ದಾನೆ, ಇಲ್ಲ ನನ್ನ ಬೂಟಿನ ಮುಂದೆ ಬಗ್ಗಿದ್ದಾನೆ. ಮುದುಕ ಪೆನ್ಸಿಲ್ ಹಿಡಿದು ಕಾಯುತ್ತಲೇ ಇದ್ದ.